ಮುಖ ಕಂಡಾಗ ಮೆದುಳಿನ ಸ್ಪಂದನ: ಒಬ್ಬೊಬ್ಬರನ್ನು ನೋಡಬೇಕೋ, ಗುಂಪಿನ ಸರಾಸರಿ ತೆಗೆಯಬೇಕೋ? ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಾಲೇಜುಗಳಲ್ಲಿ ಮನಃಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಅಥವಾ ಬಯೋಮೆಡಿಕಲ್ ಎಂಜಿನಿಯರಿಂಗ್ ಓದುತ್ತಾ ಇಇಜಿ (ತಲೆಯ ಮೇಲಿಂದ ಮೆದುಳಿನ ವಿದ್ಯುತ್ ಅಲೆ ಅಳೆಯುವುದು), ಎಫ್‌ಎಂಆರ್‌ಐ (ರಕ್ತದ ಹರಿವಿನಿಂದ ಮೆದುಳಿನ ಯಾವ ಜಾಗ ಕೆಲಸ ಮಾಡುತ್ತಿದೆ ಎಂದು ತೋರಿಸುವ ಸ್ಕ್ಯಾನ್) ಪ್ರಾಜೆಕ್ಟಿಗೆ ಕೈಹಾಕುವವರಿಗಾಗಿ ಈ ಪುಟ. ಮಗುವಿನ ಸ್ಕ್ಯಾನ್ ಬಗ್ಗೆ ತಿಳಿಯಬೇಕೆಂದು ಬಂದ ತಂದೆತಾಯಿ ಆಟಿಸಂ ಬಗೆಗಿನ ಪ್ರಶ್ನೆಯನ್ನು ನೇರವಾಗಿ ಓದಬಹುದು.

ವ್ಯಕ್ತಿಗತ ವಿಶ್ಲೇಷಣೆಗೂ ಗುಂಪು ವಿಶ್ಲೇಷಣೆಗೂ ನಿಜವಾದ ವ್ಯತ್ಯಾಸ ಏನು?

ಗುಬ್ಬಿ ತಾಲ್ಲೂಕಿನ 20 ಹಳ್ಳಿಗಳ ನಕ್ಷೆ ತೆಗೆದುಕೊಳ್ಳಿ. ಪ್ರತಿ ಊರಲ್ಲೂ ಒಂದು ಅರಳಿಕಟ್ಟೆ ಇದೆ ಎಂದುಕೊಳ್ಳೋಣ. ಎಲ್ಲ ನಕ್ಷೆಗಳನ್ನೂ ಪಾರದರ್ಶಕ ಹಾಳೆಗಳ ಮೇಲೆ ಬರೆದು, ಬಸ್ ನಿಲ್ದಾಣದ ಗುರುತು ಒಂದರ ಮೇಲೊಂದು ಕೂರುವಂತೆ ಜೋಡಿಸಿ. ಈಗ ಒಂದೊಂದು ಬಿಂದುವಿನಲ್ಲೂ ಎಷ್ಟು ಊರಿನ ಕಟ್ಟೆ ಬೀಳುತ್ತದೆ ಎಂದು ಎಣಿಸಿದರೆ ಎರಡೋ ಮೂರೋ ಸಿಕ್ಕೀತು. ಅಷ್ಟು ನೋಡಿ “ಈ ತಾಲ್ಲೂಕಿನಲ್ಲಿ ಕಟ್ಟೆ ಇರುವ ಊರು ಕಡಿಮೆ” ಎಂದರೆ ತಪ್ಪು. ಕಟ್ಟೆ ಎಲ್ಲ ಊರಲ್ಲೂ ಇದೆ, ಇರುವ ಜಾಗ ಮಾತ್ರ ಬೇರೆ ಬೇರೆ.

ಗುಂಪು ವಿಶ್ಲೇಷಣೆ ಈ ಹಾಳೆ ಜೋಡಿಸುವ ಕೆಲಸ. ಎಲ್ಲರ ಮೆದುಳನ್ನೂ ಒಂದು ಮಾದರಿ ಮೆದುಳಿಗೆ ಹೊಂದಿಸಿ, ಒಂದೊಂದು ಬಿಂದುವಿನಲ್ಲೂ “ಇಲ್ಲಿ ಎಲ್ಲರ ಸರಾಸರಿ ಎಷ್ಟು?” ಎಂದು ಕೇಳುತ್ತದೆ. ವ್ಯಕ್ತಿಗತ ವಿಶ್ಲೇಷಣೆ ಮೊದಲು ಒಂದೊಂದೇ ಊರಿಗೆ ಹೋಗಿ ಅಲ್ಲಿನ ಕಟ್ಟೆ ಯಾವುದೆಂದು ಗುರುತಿಸುತ್ತದೆ. ಆಮೇಲೆ ಆ ಕಟ್ಟೆಯಲ್ಲಿ ಏನು ನಡೆಯುತ್ತದೆ ಎಂದು ಅಳೆಯುತ್ತದೆ. ಹಾಗೆ ಅಳೆದ 20 ಸಂಖ್ಯೆಗಳ ಸರಾಸರಿಯನ್ನು ಕೊನೆಗೆ ತೆಗೆಯಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದ್ದರಿಂದ ಜಗಳ ಇರುವುದು ಸರಾಸರಿಯ ಬಗ್ಗೆ ಅಲ್ಲ. ಯಾವ ಹಂತದಲ್ಲಿ ಸರಾಸರಿ ತೆಗೆಯಬೇಕು ಎಂಬುದರ ಬಗ್ಗೆ.

ಬೇರೆ ವಿಷಯಕ್ಕಿಂತ ಮುಖದ ಅಧ್ಯಯನದಲ್ಲಿ ಈ ಪ್ರಶ್ನೆ ಏಕೆ ಇಷ್ಟು ಮುಖ್ಯ?

ಮುಖಕ್ಕೆ ಜೋರಾಗಿ ಸ್ಪಂದಿಸುವ ಜಾಗ ಚಿಕ್ಕದು. ಮೆದುಳಿನ ತಳಭಾಗದಲ್ಲಿ, ಕಿವಿಯ ಹಿಂದಕ್ಕೆ ಸರಿದಂತೆ, ಫ್ಯೂಸಿಫಾರ್ಮ್ ಎಂಬ ಮಡಿಕೆಯ ಮೇಲೆ ಅದು ಇದೆ. ಹೆಚ್ಚಿನವರಲ್ಲಿ ಬಲಭಾಗದ್ದು ದೊಡ್ಡದು. 1997ರಲ್ಲಿ ನ್ಯಾನ್ಸಿ ಕಾನ್‌ವಿಷರ್, ಜಾಶ್ ಮೆಕ್‌ಡರ್ಮಟ್, ಮಾರ್ವಿನ್ ಚುನ್ ಇದಕ್ಕೆ ‘ಫ್ಯೂಸಿಫಾರ್ಮ್ ಫೇಸ್ ಏರಿಯಾ’ ಎಂದು ಹೆಸರಿಟ್ಟರು, ಚುಟುಕಾಗಿ ಎಫ್‌ಎಫ್‌ಎ. ಆ ಅಧ್ಯಯನದ ಬೆನ್ನೆಲುಬೇ ವ್ಯಕ್ತಿಗತ ವಿಶ್ಲೇಷಣೆ. ಪರೀಕ್ಷಿಸಿದ 15 ಜನರಲ್ಲಿ 12 ಜನರಲ್ಲಿ, ವಸ್ತುಗಳನ್ನು ಕಂಡಾಗಿನದಕ್ಕಿಂತ ಮುಖ ಕಂಡಾಗ ಹೆಚ್ಚು ಕೆಲಸ ಮಾಡುವ ಜಾಗ ಸಿಕ್ಕಿತು. ಹಾಗೆ ಒಬ್ಬೊಬ್ಬರಲ್ಲಿ ಗುರುತಿಸಿದ ಜಾಗದೊಳಗೇ ಮುಂದಿನ ಪ್ರಯೋಗಗಳನ್ನು ಮಾಡಿ ನೋಡಿದರು: ಮುಖವನ್ನು ಚೂರುಚೂರು ಮಾಡಿ ಕಲಸಿದ ಚಿತ್ರ, ಮನೆ, ಕೈ.

ಪಕ್ಕದಲ್ಲೇ ದೇಹದ ಚಿತ್ರಗಳಿಗೆ ಸ್ಪಂದಿಸುವ ಇನ್ನೊಂದು ಜಾಗ ಇದೆ. ಸಾಮಾನ್ಯ ಗಾತ್ರದ ಸ್ಕ್ಯಾನಿನಲ್ಲಿ ಇವೆರಡೂ ಒಂದಕ್ಕೊಂದು ಬೆರೆತು ಕಾಣುತ್ತವೆ. ಚಿಕ್ಕ ವೋಕ್ಸೆಲ್ (ಸ್ಕ್ಯಾನಿನ ಒಂದು ಪುಟ್ಟ ಘನ ಚೌಕ) ಇಟ್ಟು ಒಬ್ಬೊಬ್ಬರನ್ನೂ ನೋಡಿದಾಗ ಬೇರೆ ಬೇರೆ ಎಂದು 2005ರಲ್ಲಿ ತಿಳಿಯಿತು. ಗುಂಪಿನ ಸರಾಸರಿಯೊಂದರಿಂದಲೇ ಹೊರಟಿದ್ದರೆ ಈ ವಿಷಯ ಕೈಗೆ ಸಿಗುತ್ತಿರಲಿಲ್ಲ.

ಎಲ್ಲರ ಮೆದುಳನ್ನೂ ಮಾದರಿಗೆ ಹೊಂದಿಸಿದ ಮೇಲೂ ಜಾಗ ತಪ್ಪುವುದು ಏಕೆ?

ಹೊಂದಿಸುವ ತಂತ್ರಾಂಶ ನೋಡುವುದು ಆಕಾರವನ್ನು. ಮೆದುಳಿನ ಉದ್ದ, ಅಗಲ, ದೊಡ್ಡ ಮಡಿಕೆಗಳು ಚೆನ್ನಾಗಿ ಹೊಂದುತ್ತವೆ. ಕೆಲಸದ ಗಡಿ ಮಡಿಕೆಯನ್ನೇ ಅನುಸರಿಸಬೇಕೆಂದಿಲ್ಲ. ಎಂಎನ್‌ಐ ಎಂಬ ಮಾದರಿ ಮೆದುಳಿಗೆ ಹೊಂದಿಸಿದ ಮೇಲೂ ಇಬ್ಬರ ಎಫ್‌ಎಫ್‌ಎ ಶಿಖರಬಿಂದು ಒಂದು ಸೆಂಟಿಮೀಟರ್ ಆಚೀಚೆ ಇರುವುದು ಸಾಮಾನ್ಯ. ಜಾಗದ ಅಗಲವೇ ಸುಮಾರು ಒಂದು ಸೆಂಟಿಮೀಟರ್ ಇರುವಾಗ ಅಷ್ಟು ಜರುಗಿದರೆ ಒಂದರ ಮೇಲೊಂದು ಬೀಳುವ ಭಾಗ ಏನೂ ಉಳಿಯುವುದಿಲ್ಲ.

ಮೆದುಳಿನ ಹೊರಪದರವನ್ನು ಬಿಡಿಸಿ ಹರಡಿ, ಮಡಿಕೆಗಳನ್ನೇ ಹೊಂದಿಸುವ ಫ್ರೀಸರ್ಫರ್ ತರಹದ ವಿಧಾನದಿಂದ ಪರಿಸ್ಥಿತಿ ಸುಧಾರಿಸುತ್ತದೆ. ಫ್ಯೂಸಿಫಾರ್ಮ್ ಮಡಿಕೆಯ ನಡುವೆ ಉದ್ದಕ್ಕೂ ಒಂದು ಸಣ್ಣ ಕಾಲುವೆ ಇದೆ. ಕೆವಿನ್ ವೈನರ್, ಕಲಾನಿತ್ ಗ್ರಿಲ್-ಸ್ಪೆಕ್ಟರ್ ಅದರ ಮಹತ್ವವನ್ನು ತೋರಿಸಿಕೊಟ್ಟರು. ಮುಖದ ಪಟ್ಟಿಗಳು, ಅಂದರೆ ಮುಖಕ್ಕೆ ಸ್ಪಂದಿಸುವ ಜಾಗಗಳು, ಅದರ ಹೊರಬದಿಗೆ ಕೂರುತ್ತವೆ. ಒಬ್ಬ ವ್ಯಕ್ತಿಯ ನಕ್ಷೆ ನೋಡುವಾಗ ಮೊದಲು ಆ ಕಾಲುವೆ ಹುಡುಕಿ, ಆಮೇಲೆ ಸ್ಪಂದನ ತೋರಿಸುವ ಬಣ್ಣ ನೋಡಿ. ಅನೇಕರಲ್ಲಿ ಒಂದರ ಬದಲು ಎರಡು ಪಟ್ಟಿಗಳೇ ಕಾಣುತ್ತವೆ, ಒಂದು ಹಿಂದೆ, ಇನ್ನೊಂದು ಮುಂದೆ. ಗುಂಪಿನ ನಕ್ಷೆಯಲ್ಲಿ ಅವೆರಡೂ ಕರಗಿ ಒಂದೇ ಮುದ್ದೆಯಾಗುತ್ತವೆ.

ಸ್ಮೂದಿಂಗ್ ಎಂಬುದು ಈ ತಪ್ಪುಹೊಂದಿಕೆಗೆ ಮಾಡುವ ತೇಪೆ. ಪ್ರತಿ ನಕ್ಷೆಯನ್ನೂ 6ರಿಂದ 8 ಮಿ.ಮೀ. ಮಸುಕು ಮಾಡಿದರೆ ಒಬ್ಬರ ಕಟ್ಟೆ ಇನ್ನೊಬ್ಬರ ಕಟ್ಟೆಯ ಮೇಲೆ ಸ್ವಲ್ಪವಾದರೂ ಬೀಳುತ್ತದೆ. ಗುಂಪು ವಿಶ್ಲೇಷಣೆಗೆ ಇದು ಬೇಕು. ವ್ಯಕ್ತಿಗತ ವಿಶ್ಲೇಷಣೆಗೆ 4 ಮಿ.ಮೀ. ಸಾಕು, 2 ಮಿ.ಮೀ. ವೋಕ್ಸೆಲ್ ಇದ್ದರೆ ಮಸುಕೇ ಬೇಡ ಎನ್ನುವವರೂ ಇದ್ದಾರೆ. ಒಂದೇ ದತ್ತಾಂಶವನ್ನು ಎರಡೂ ಬಗೆಯಲ್ಲಿ ನೋಡುವುದಾದರೆ ಎರಡು ಪ್ರತಿ ಇಟ್ಟುಕೊಳ್ಳಿ. 8 ಮಿ.ಮೀ. ಮಸುಕಾದ ಕಡತದಲ್ಲಿ ವ್ಯಕ್ತಿಯ ಗಡಿ ಹುಡುಕಬೇಡಿ.

ವ್ಯಕ್ತಿಯೊಬ್ಬರಲ್ಲಿ ಎಫ್‌ಎಫ್‌ಎ ಗುರುತಿಸುವ ‘ಲೋಕಲೈಜರ್’ ಹೇಗೆ ಮಾಡಬೇಕು?

3 ಟೆಸ್ಲಾ ಯಂತ್ರ, 2 ಸೆಕೆಂಡಿಗೊಂದು ಚಿತ್ರಸಂಪುಟ (ಇಡೀ ಮೆದುಳಿನ ಒಂದು ಸ್ಕ್ಯಾನ್), 2ರಿಂದ 3 ಮಿ.ಮೀ. ವೋಕ್ಸೆಲ್ ಇದ್ದರೆ ಈ ವಿನ್ಯಾಸ ಚೆನ್ನಾಗಿ ನಡೆಯುತ್ತದೆ.

ಒಂದೇ ಬಗೆಯ ಚಿತ್ರಗಳು ಸಾಲಾಗಿ ಬರುವ ಒಂದು ಬ್ಲಾಕ್ 16 ಸೆಕೆಂಡ್. ಒಂದು ಚಿತ್ರ 800 ಮಿಲಿಸೆಕೆಂಡ್ ಇರಲಿ, ಖಾಲಿ 200 ಮಿಲಿಸೆಕೆಂಡ್; ಬ್ಲಾಕಿಗೆ 16 ಚಿತ್ರ. ಒಂದು ರನ್ನಿನಲ್ಲಿ (ನಡುವೆ ನಿಲ್ಲಿಸದೆ ಸ್ಕ್ಯಾನ್ ಮಾಡುವ ಒಂದು ಸುತ್ತು) ಮುಖದ 4 ಬ್ಲಾಕ್, ವಸ್ತುವಿನ 4, ಬರೀ ಕೂಡುಗುರುತು ನೋಡುವ ವಿರಾಮ 5. ಒಟ್ಟು 13 ಬ್ಲಾಕ್, 208 ಸೆಕೆಂಡ್, 104 ಚಿತ್ರಸಂಪುಟ. ಇಂಥ 4 ರನ್ ಮಾಡಿದರೆ 14 ನಿಮಿಷದ ಒಳಗೆ ಮುಗಿಯುತ್ತದೆ. ರಕ್ತದ ಹರಿವಿನ ಸ್ಪಂದನ 5–6 ಸೆಕೆಂಡಿಗೆ ಶಿಖರ ಮುಟ್ಟಿ ನಿಧಾನವಾಗಿ ಇಳಿಯುವುದರಿಂದ ಬ್ಲಾಕನ್ನು ತೀರಾ ಚಿಕ್ಕದು ಮಾಡಬೇಡಿ.

ನೋಡುವವರು ಎಚ್ಚರವಾಗಿರಬೇಕು. ಅದಕ್ಕೆ ಪ್ರತಿ ಬ್ಲಾಕಿನಲ್ಲಿ ಎರಡು ಸಲ ಒಂದೇ ಚಿತ್ರ ಬೆನ್ನಿಗೆ ಬೆನ್ನಾಗಿ ಬರಲಿ, ಆಗ ಗುಂಡಿ ಒತ್ತಲಿ. ಗುಂಡಿ ಒತ್ತಿದ ದಾಖಲೆ ನೋಡದೆ “ಇವರಲ್ಲಿ ಎಫ್‌ಎಫ್‌ಎ ಇಲ್ಲ” ಎಂದು ಬರೆಯಬೇಡಿ. ನಿದ್ದೆ ಹತ್ತಿದವರಲ್ಲಿ ಯಾವ ಜಾಗವೂ ಸಿಗುವುದಿಲ್ಲ.

ಯಾವುದರ ಎದುರು ಹೋಲಿಸುತ್ತೀರಿ ಎಂಬುದು ಮುಖ್ಯ. ಮುಖ ಮತ್ತು ವಸ್ತುವನ್ನು ಹೋಲಿಸಿದರೆ ಸಿಗುವ ಜಾಗ ಚಿಕ್ಕದು, ಚೊಕ್ಕ. ಮುಖ ಮತ್ತು ಕಲಸಿದ ಚಿತ್ರವನ್ನು ಹೋಲಿಸಿದರೆ ಆಕಾರಕ್ಕೆ ಸ್ಪಂದಿಸುವ ಜಾಗಗಳೂ ಸೇರಿ ಗಾತ್ರ ಊದಿಕೊಳ್ಳುತ್ತದೆ. ಎರಡು ಅಧ್ಯಯನಗಳ ಎಫ್‌ಎಫ್‌ಎ ಗಾತ್ರ ಹೋಲಿಸುವ ಮುಂಚೆ ಇದನ್ನು ನೋಡಿಕೊಳ್ಳಿ.

ಜಾಗ ಗುರುತಿಸುವಾಗ ಕೈಯಿಂದ ಗಡಿ ಎಳೆದರೆ ಎಳೆದವರ ಕಣ್ಣಳತೆ ಒಳಗೆ ಸೇರುತ್ತದೆ. ಇದಕ್ಕೆ ಒಳ್ಳೆಯ ಪರಿಹಾರ, ಬೇರೆ ಜನರ ನಕ್ಷೆಗಳಿಂದ ಮಾಡಿದ ಒಂದು ಅಗಲವಾದ ಬೇಲಿ. ಎವೆಲಿನಾ ಫೆಡೊರೆಂಕೊ ಮತ್ತು ಜೊತೆಗಾರರು 2010ರಲ್ಲಿ ಭಾಷೆಯ ಜಾಗಗಳಿಗೆ ಹೀಗೆ ಮಾಡಿದರು. 2012ರಲ್ಲಿ ದೃಷ್ಟಿಯ ಜಾಗಗಳಿಗೂ ಇದೇ ಕ್ರಮ ಬಂತು. ಬೇಲಿ ಎಲ್ಲರಿಗೂ ಒಂದೇ. ಅದರೊಳಗೆ ಆಯಾ ವ್ಯಕ್ತಿಯಲ್ಲಿ ಮುಖಕ್ಕೆ ಅತಿ ಹೆಚ್ಚು ಸ್ಪಂದಿಸುವ ಮೇಲಿನ ಶೇ. 10 ವೋಕ್ಸೆಲ್‌ಗಳನ್ನು ಯಂತ್ರವೇ ಆರಿಸುತ್ತದೆ. ಗುಂಪು ಮತ್ತು ವ್ಯಕ್ತಿ, ಎರಡೂ ಇಲ್ಲಿ ಕೈಜೋಡಿಸುತ್ತವೆ. ಹೊಸದಾಗಿ ಶುರುಮಾಡುವವರಿಗೆ ನಮ್ಮ ಮೊದಲ ಸಲಹೆ ಇದೇ.

ಒಂದೇ ರನ್ನಿನಲ್ಲಿ ಜಾಗ ಆರಿಸಿ, ಅದೇ ರನ್ನಿನಲ್ಲಿ ಸ್ಪಂದನ ಅಳೆದರೆ ಏನು ತೊಂದರೆ?

ಏನೂ ಇಲ್ಲದ ಕಡೆಯೂ ಏನೋ ಇದೆ ಎಂದು ಕಾಣುತ್ತದೆ. ಲೆಕ್ಕ ಹಾಕಿ ನೋಡಿ: ಬೇಲಿಯೊಳಗೆ 500 ವೋಕ್ಸೆಲ್ ಇವೆ, ಎಲ್ಲದರಲ್ಲೂ ಬರೀ ಗದ್ದಲ, ನಿಜವಾದ ಸ್ಪಂದನ ಸೊನ್ನೆ. ಮೇಲಿನ 50 ವೋಕ್ಸೆಲ್ ಆರಿಸಿ ಅವುಗಳದ್ದೇ ಸರಾಸರಿ ತೆಗೆದರೆ ಝಡ್ ಬೆಲೆ (ಗದ್ದಲದ ಹರಡುವಿಕೆಯ ಎಷ್ಟು ಪಟ್ಟು ಎಂಬ ಅಳತೆ) ಸುಮಾರು 1.75 ಬರುತ್ತದೆ. ಆರಿಸಿದ್ದೇ ಮೇಲಿದ್ದುದನ್ನು, ಹಾಗಾಗಿ ಮೇಲೆ ಕಾಣುತ್ತದೆ. ಅದೇ 50 ವೋಕ್ಸೆಲ್‌ಗಳನ್ನು ಇನ್ನೊಂದು ರನ್ನಿನಲ್ಲಿ ಅಳೆದರೆ ಸರಾಸರಿ ಸೊನ್ನೆಯ ಸುತ್ತ ಬಂದು ನಿಲ್ಲುತ್ತದೆ. 2009ರಲ್ಲಿ ನಿಕೋಲಸ್ ಕ್ರೀಗೆಸ್ಕೋರ್ಟೆ ಮತ್ತು ಜೊತೆಗಾರರು ಈ ಸುತ್ತುಬಳಸು ತಪ್ಪನ್ನು ವಿಸ್ತಾರವಾಗಿ ಬಯಲಿಗೆಳೆದರು.

4 ರನ್ ಇದ್ದರೆ ಹೀಗೆ ಮಾಡಿ: 2, 3, 4ರಲ್ಲಿ ಜಾಗ ಆರಿಸಿ 1ರಲ್ಲಿ ಅಳೆಯಿರಿ, 1, 3, 4ರಲ್ಲಿ ಆರಿಸಿ 2ರಲ್ಲಿ ಅಳೆಯಿರಿ, ಹೀಗೆ ನಾಲ್ಕು ಸುತ್ತು, ಕೊನೆಗೆ ನಾಲ್ಕರ ಸರಾಸರಿ. ಯಾವ ದತ್ತಾಂಶವೂ ವ್ಯರ್ಥವಾಗುವುದಿಲ್ಲ.

ಲೋಕಲೈಜರ್ ಪದ್ಧತಿಗೇ ವಿರೋಧ ಇಲ್ಲವೇ ಎಂದರೆ, ಇದೆ. 2006ರಲ್ಲಿ ಕಾರ್ಲ್ ಫ್ರಿಸ್ಟನ್ ಮತ್ತು ಜೊತೆಗಾರರು ಅದನ್ನು ಟೀಕಿಸಿದರು: ಮೊದಲೇ ಒಂದು ಜಾಗಕ್ಕೆ ಬೇಲಿ ಹಾಕಿಕೊಂಡರೆ ಅದರಾಚೆ ಏನು ನಡೆಯುತ್ತದೆ ಎಂದು ಕಾಣುವುದಿಲ್ಲ, ಸರಾಸರಿಯಲ್ಲಿ ಜಾಗದೊಳಗಿನ ವೈವಿಧ್ಯವೂ ಅಳಿಸುತ್ತದೆ. ರೆಬೆಕಾ ಸ್ಯಾಕ್ಸ್, ಮ್ಯಾಥ್ಯೂ ಬ್ರೆಟ್, ಕಾನ್‌ವಿಷರ್ ಅದೇ ವರ್ಷ ಉತ್ತರ ಕೊಟ್ಟರು. ಟೀಕೆಯಲ್ಲಿ ಹುರುಳಿದೆ. ಅದಕ್ಕೇ ವ್ಯಕ್ತಿಗತ ವಿಶ್ಲೇಷಣೆ ಮಾಡಿದವರೂ ಇಡೀ ಮೆದುಳಿನ ಗುಂಪುನಕ್ಷೆಯನ್ನು ಒಮ್ಮೆ ತೆಗೆದು ನೋಡಬೇಕು.

‘ಫಿಕ್ಸೆಡ್ ಎಫೆಕ್ಟ್’, ‘ರ‍್ಯಾಂಡಮ್ ಎಫೆಕ್ಟ್’ ಎಂದರೆ ಏನು? ಯಾವುದು ಸರಿ?

8 ಜನರಲ್ಲಿ ಒಂದು ಜಾಗದ ಮುಖ-ವಸ್ತು ವ್ಯತ್ಯಾಸ ಹೀಗೆ ಬಂತು ಎನ್ನಿ: 0.1, 0.0, 0.2, –0.1, 0.1, 0.0, 0.1, 3.6. ಸರಾಸರಿ 0.5. ಮಧ್ಯಾಂಕ 0.1. ಕೊನೆಯವರೊಬ್ಬರೇ ಇಡೀ ಸರಾಸರಿಯನ್ನು ಎತ್ತಿ ನಿಲ್ಲಿಸಿದ್ದಾರೆ.

ಫಿಕ್ಸೆಡ್ ವಿಧಾನ ಎಲ್ಲರ ಸ್ಕ್ಯಾನನ್ನೂ ಒಂದೇ ಉದ್ದನೆಯ ದಾಖಲೆಯಂತೆ ನೋಡುತ್ತದೆ. ಒಬ್ಬರಿಂದ ಒಬ್ಬರಿಗೆ ಇರುವ ವ್ಯತ್ಯಾಸವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪ್ರತಿಯೊಬ್ಬರಲ್ಲೂ ನೂರಾರು ಅಳತೆ ಇರುವುದರಿಂದ ಈ 0.5 ಬಹಳ ಗಟ್ಟಿ ಎಂದು ತೀರ್ಪು ಕೊಟ್ಟೀತು. ರ‍್ಯಾಂಡಮ್ ವಿಧಾನ ಒಬ್ಬರಿಗೊಂದೇ ಸಂಖ್ಯೆ ಇಟ್ಟುಕೊಂಡು ಆ 8 ಸಂಖ್ಯೆಗಳ ಹರಡುವಿಕೆ ನೋಡುತ್ತದೆ: ಸ್ಟ್ಯಾಂಡರ್ಡ್ ಡಿವಿಯೇಷನ್ (ಹರಡುವಿಕೆಯ ಅಳತೆ) 1.26, ಸ್ಟ್ಯಾಂಡರ್ಡ್ ಎರರ್ (ಸರಾಸರಿಯ ಅನಿಶ್ಚಿತತೆ) 0.44, ಟಿ ಬೆಲೆ (ಸರಾಸರಿಯನ್ನು ಎರರ್‌ನಿಂದ ಭಾಗಿಸಿದ್ದು) 1.13. ಏನೂ ಸಾಬೀತಾಗಲಿಲ್ಲ.

“ಸಾಮಾನ್ಯವಾಗಿ ಜನರಲ್ಲಿ” ಎಂದು ಬರೆಯಬೇಕಾದರೆ ರ‍್ಯಾಂಡಮ್ ವಿಧಾನವೇ ಬೇಕು. ಒಬ್ಬರೊಳಗಿನ ನಾಲ್ಕು ರನ್‌ಗಳನ್ನು ಸೇರಿಸಲು ಫಿಕ್ಸೆಡ್ ತಪ್ಪಲ್ಲ. ಆ ಎಂಟನೆಯವರನ್ನು ಮಾತ್ರ ಮರೆಯಬೇಡಿ. ತಲೆ ಅಲುಗಿತ್ತೇ, ಹೊಂದಿಕೆ ತಪ್ಪಿತ್ತೇ, ಇಲ್ಲವೇ ನಿಜಕ್ಕೂ ಬೇರೆಯೇ ಎಂದು ಅವರ ಸ್ಕ್ಯಾನ್ ತೆರೆದು ನೋಡಿ. ಟಿ ಬೆಲೆ 1.13 ಎಂದು ಕಡತ ಮುಚ್ಚಿಬಿಟ್ಟರೆ ಅಲ್ಲಿರುವ ಒಂದೇ ಒಂದು ಕುತೂಹಲದ ಸಂಗತಿ ಕೈತಪ್ಪುತ್ತದೆ.

ಇಇಜಿಯಲ್ಲೂ ಇದೇ ತೊಂದರೆ ಇದೆಯೇ?

ಇದೆ, ಆದರೆ ಜಾಗದ ಬದಲು ಸಮಯದಲ್ಲಿ. ಮುಖ ಕಂಡು ಸುಮಾರು 170 ಮಿಲಿಸೆಕೆಂಡಿಗೆ ತಲೆಯ ಹಿಂಬದಿಯ ಇಕ್ಕೆಲಗಳಲ್ಲಿ, ಬಲಕ್ಕೆ ಹೆಚ್ಚಾಗಿ, ಒಂದು ಋಣ ಅಲೆ ಏಳುತ್ತದೆ. 1996ರಲ್ಲಿ ಶ್ಲೊಮೊ ಬೆಂಟಿನ್ ಮತ್ತು ಜೊತೆಗಾರರು ವಿವರಿಸಿದ ಎನ್170 ಇದೇ. ಒಬ್ಬರಲ್ಲಿ ಶಿಖರ 150ಕ್ಕೆ, ಇನ್ನೊಬ್ಬರಲ್ಲಿ 190ಕ್ಕೆ ಬಂದರೆ ಎಲ್ಲರ ಸರಾಸರಿ ಅಲೆ ಗಿಡ್ಡವಾಗಿ ಅಗಲವಾಗುತ್ತದೆ. ಯಾರ ತಲೆಯಲ್ಲೂ ಇಲ್ಲದ ಅಲೆ ಅದು. ಒಂದು ಗುಂಪಿನ ಅಲೆ ಇನ್ನೊಂದಕ್ಕಿಂತ ಗಿಡ್ಡ ಎಂದು ಕಂಡರೆ, ಸ್ಪಂದನ ಕಡಿಮೆಯೋ ಅಥವಾ ಶಿಖರಗಳು ಚದುರಿವೆಯೋ ಎಂದು ಒಬ್ಬೊಬ್ಬರ ಅಲೆ ನೋಡಿಯೇ ತಿಳಿಯಬೇಕು.

ಅಳೆಯುವುದು ಒಬ್ಬೊಬ್ಬರ ಅಲೆಯ ಮೇಲೆ. ಶಿಖರದ ಎತ್ತರಕ್ಕಿಂತ ಒಂದು ಸಮಯದ ಕಿಟಕಿಯೊಳಗಿನ ಸರಾಸರಿ ಎತ್ತರ ವಾಸಿ. ಗದ್ದಲ ಜಾಸ್ತಿ ಇದ್ದಷ್ಟೂ ಶಿಖರ ಸುಳ್ಳೇ ದೊಡ್ಡದಾಗಿ ಕಾಣುತ್ತದೆ. ಮುಖಕ್ಕೆ 40 ಪ್ರಯತ್ನ (ಒಂದು ಸಲ ಚಿತ್ರ ತೋರಿಸಿ ದಾಖಲಿಸಿದರೆ ಒಂದು ಪ್ರಯತ್ನ), ವಸ್ತುವಿಗೆ 80 ಉಳಿದಿದ್ದರೆ ಹೋಲಿಕೆಯೇ ಕೆಡುತ್ತದೆ. ಕಿವಿಹಿಂದಿನ ಮೂಳೆಯನ್ನು ರೆಫರೆನ್ಸ್ (ಉಳಿದ ಎಲೆಕ್ಟ್ರೋಡ್‌ಗಳನ್ನು ಹೋಲಿಸುವ ಆಧಾರ) ಮಾಡಿದರೆ ಎನ್170 ಕುಗ್ಗುತ್ತದೆ, ಏಕೆಂದರೆ ಆ ಜಾಗ ಅಲೆ ಏಳುವಲ್ಲಿಗೇ ಹತ್ತಿರ. ತಲೆಪೂರ್ತಿ ಹರಡಿದ 32 ಅಥವಾ ಹೆಚ್ಚು ಎಲೆಕ್ಟ್ರೋಡ್ ಇದ್ದರೆ ಎಲ್ಲದರ ಸರಾಸರಿಯನ್ನೇ ರೆಫರೆನ್ಸ್ ಮಾಡಿ.

ಒಬ್ಬೊಬ್ಬರಲ್ಲಿ ಶಿಖರದ ಸಮಯ ಹಿಡಿಯಲು ಆಗದಷ್ಟು ಗದ್ದಲ ಇದ್ದರೆ ‘ಜಾಕ್‌ನೈಫ್’ ವಿಧಾನ ಇದೆ. 20 ಜನರಿದ್ದರೆ ಪ್ರತಿ ಸಲ ಒಬ್ಬರನ್ನು ಬಿಟ್ಟು 19 ಜನರ ಸರಾಸರಿ ಮಾಡಿ, ಹಾಗೆ 20 ಅಲೆಗಳಲ್ಲಿ ಸಮಯ ಅಳೆಯಿರಿ. ಮಾಮೂಲಿ ಟಿ ಲೆಕ್ಕ ಮಾಡಿದ ಮೇಲೆ ಬಂದ ಬೆಲೆಯನ್ನು 19ರಿಂದ ಭಾಗಿಸಲೇಬೇಕು. ಅದನ್ನು ಮರೆತರೆ ಎಲ್ಲವೂ ಗೆದ್ದಂತೆ ಕಾಣುತ್ತದೆ.

ಹೆಚ್ಚು ಜನ ಬೇಕೋ, ಒಬ್ಬರಲ್ಲಿ ಹೆಚ್ಚು ಪ್ರಯತ್ನ ಬೇಕೋ?

ನಿಮ್ಮ ಪ್ರಶ್ನೆಯ ಮೇಲೆ ನಿಂತಿದೆ. ಲೆಕ್ಕಕ್ಕಾಗಿ ಮುಖ-ವಸ್ತು ವ್ಯತ್ಯಾಸ ಜನರಿಂದ ಜನರಿಗೆ 2 ಮೈಕ್ರೋವೋಲ್ಟ್ ಹರಡಿದೆ, ಒಂದೊಂದು ಪ್ರಯತ್ನದ ಗದ್ದಲ 12 ಮೈಕ್ರೋವೋಲ್ಟ್ ಎಂದಿಟ್ಟುಕೊಳ್ಳಿ. 20 ಜನ, ತಲಾ 40 ಪ್ರಯತ್ನ: ಗುಂಪಿನ ಸರಾಸರಿಯ ಸ್ಟ್ಯಾಂಡರ್ಡ್ ಎರರ್ 0.62. ಜನ ಅಷ್ಟೇ ಇಟ್ಟು ಪ್ರಯತ್ನ 160 ಮಾಡಿದರೆ 0.49. ಪ್ರಯತ್ನ 40ರಲ್ಲೇ ಇಟ್ಟು ಜನರನ್ನು 40 ಮಾಡಿದರೆ 0.44. ಒಟ್ಟು ಕೆಲಸ ಎರಡು ಪಟ್ಟಾದ ಕೊನೆಯ ದಾರಿ, ನಾಲ್ಕು ಪಟ್ಟಾದ ನಡುವಿನ ದಾರಿಯನ್ನು ಹಿಂದೆ ಹಾಕಿತು. ಗುಂಪಿನ ಪ್ರಶ್ನೆಗೆ ಜನ ಹೆಚ್ಚಿಸಿ.

ಈಗ ಒಬ್ಬೊಬ್ಬರ ಅಂಕಿಯನ್ನು ನಂಬಬಹುದೇ ಎಂದು ನೋಡಿ. ಜನರ ನಡುವಿನ ನಿಜವಾದ ವ್ಯತ್ಯಾಸ ಒಟ್ಟು ವ್ಯತ್ಯಾಸದಲ್ಲಿ ಎಷ್ಟು ಪಾಲು? 40 ಪ್ರಯತ್ನಕ್ಕೆ 4 ÷ (4 + 144÷40), ಅಂದರೆ 0.53. 160 ಪ್ರಯತ್ನಕ್ಕೆ 0.82. ಜನರನ್ನು 20ರಿಂದ 200 ಮಾಡಿದರೂ ಈ 0.53 ಕದಲುವುದಿಲ್ಲ. ಮುಖ ಗುರುತಿಸುವ ಸಾಮರ್ಥ್ಯಕ್ಕೂ ಎನ್170ಕ್ಕೂ ಸಂಬಂಧ ಹುಡುಕುವ ಪ್ರಾಜೆಕ್ಟುಗಳು ಎಡವುವುದು ಇಲ್ಲೇ: ಗುಂಪಿನ ಸರಾಸರಿಗೆ ಸಾಕಾಗುವ ವಿನ್ಯಾಸವನ್ನು ಎತ್ತಿ ವ್ಯಕ್ತಿಗಳ ಹೋಲಿಕೆಗೆ ಬಳಸುತ್ತಾರೆ.

“15ರಲ್ಲಿ 12 ಜನರಲ್ಲಿ ಕಂಡಿತು” ಎಂದರೆ ಎಷ್ಟು ಗಟ್ಟಿ?

ಶೇ. 80 ಎಂದಷ್ಟೇ ಬರೆದರೆ ಅರ್ಧ ಮಾತು. ಅದರ ಶೇ. 95 ವಿಶ್ವಾಸದ ವ್ಯಾಪ್ತಿ ಸುಮಾರು 52ರಿಂದ 96. ಪರೀಕ್ಷಿಸಿದ 20 ಜನರಲ್ಲೂ ಕಂಡರೆ “ಎಲ್ಲರಲ್ಲೂ ಇದೆ” ಎನ್ನಲಾಗದು, ಜನಸಮುದಾಯದಲ್ಲಿ ಶೇ. 86ಕ್ಕಿಂತ ಹೆಚ್ಚು ಜನರಲ್ಲಿ ಇದೆ ಎಂದು ಶೇ. 95 ವಿಶ್ವಾಸದಿಂದ ಹೇಳಬಹುದು.

ಸಿಗದ ಮೂವರನ್ನು ವಿಶ್ಲೇಷಣೆಯಿಂದ ಬಿಡಬಹುದೇ ಎಂದೂ ಕೇಳುತ್ತಾರೆ. ಕದ್ದು ಬಿಡಬಾರದು. ಸಿಗಲಿಲ್ಲ ಎಂಬುದಕ್ಕೆ ಕಾರಣ ಮಿತಿಯನ್ನು ಬಿಗಿಯಾಗಿ ಇಟ್ಟದ್ದಿರಬಹುದು, ತಲೆ ಅಲುಗಿದ್ದಿರಬಹುದು, ಕಿವಿಯ ಗಾಳಿತುಂಬಿದ ಭಾಗದ ಹತ್ತಿರ ಸಂಕೇತ ಕ್ಷೀಣಿಸಿದ್ದಿರಬಹುದು, ಎಡಗೈಯವರಾಗಿ ಎಡಭಾಗವೇ ಜೋರಾಗಿದ್ದಿರಬಹುದು. ಮಿತಿಯನ್ನು ಸಡಿಲಿಸಿ ಎಲ್ಲ ಕಡೆ ಜಾಗ ಹುಡುಕುವುದೂ ಅಪಾಯ. ಮೆದುಳಿನಲ್ಲಿ 40,000 ವೋಕ್ಸೆಲ್ ಇದ್ದು ಪಿ (ಗದ್ದಲದಿಂದಲೇ ಹೊಳೆಯುವ ಸಾಧ್ಯತೆ) 0.001 ಎಂದು ತಿದ್ದುಪಡಿ ಇಲ್ಲದೆ ಇಟ್ಟರೆ ಬರೀ ಗದ್ದಲದಿಂದಲೇ 40 ವೋಕ್ಸೆಲ್ ಹೊಳೆಯುತ್ತವೆ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಜೊತೆಗಾರರು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನ್ ಮಾಡಿ, ಅದರೊಳಗೂ ಹೊಳೆಯುವ ವೋಕ್ಸೆಲ್ ತೋರಿಸಿದ್ದು ಇದಕ್ಕೇ. ಮೇಲಿನ ಶೇ. 10 ವೋಕ್ಸೆಲ್ ಆರಿಸುವ ವಿಧಾನದಲ್ಲಿ ಯಾರನ್ನೂ ಬಿಡುವ ಪ್ರಸಂಗವೇ ಬರುವುದಿಲ್ಲ. ಜಾಗ ಇಲ್ಲದವರಲ್ಲಿ ಬೇರೆ ರನ್ನಿನ ಅಳತೆ ತಾನಾಗಿ ಸೊನ್ನೆಗೆ ಇಳಿಯುತ್ತದೆ.

ಒಬ್ಬರನ್ನೇ ಅಧ್ಯಯನ ಮಾಡಿದರೆ ಅದು ವಿಜ್ಞಾನವೇ?

ಮುಖದ ಅಧ್ಯಯನ ಹುಟ್ಟಿದ್ದೇ ಹಾಗೆ. ಮುಖ ನೋಡಿ ಆಳನ್ನು ಗುರುತಿಸಲಾಗದ ಸ್ಥಿತಿಗೆ 1947ರಲ್ಲಿ ಯೊವಾಕಿಂ ಬೋಡಾಮರ್ ಪ್ರೊಸೊಪಗ್ನೋಸಿಯಾ ಎಂದು ಹೆಸರಿಟ್ಟದ್ದು ಬೆರಳೆಣಿಕೆಯ ರೋಗಿಗಳನ್ನು ನೋಡಿ. 2012ರಲ್ಲಿ ಜೋಸೆಫ್ ಪಾರ್ವಿಜಿ ಮತ್ತು ಜೊತೆಗಾರರು ಒಬ್ಬ ರೋಗಿಯ ಫ್ಯೂಸಿಫಾರ್ಮ್ ಜಾಗಕ್ಕೆ ನೇರವಾಗಿ ವಿದ್ಯುತ್ ಕೊಟ್ಟಾಗ, ಎದುರಿಗಿದ್ದವರ ಮುಖ ಅವರ ಕಣ್ಣಿಗೆ ವಿಕಾರವಾಗಿ ಬದಲಾಯಿತು. ಆ ಜಾಗ ಮುಖದ ಗ್ರಹಿಕೆಗೆ ಬೇಕೇ ಬೇಕು ಎಂಬುದಕ್ಕೆ ಸಾವಿರ ಜನರ ಸ್ಕ್ಯಾನಿಗಿಂತ ಇದು ಗಟ್ಟಿ ಸಾಕ್ಷಿ.

ಪಾರ್ಶ್ವವಾಯು ಆಗಿ ಮನೆಯವರ ಮುಖ ಗುರುತು ಸಿಗುತ್ತಿಲ್ಲ ಎನ್ನುವ ಒಬ್ಬರನ್ನು 16 ಆರೋಗ್ಯವಂತರ ಜೊತೆ ಹೋಲಿಸಬೇಕು ಎನ್ನಿ. ಮುಖಸ್ಮೃತಿ ಪರೀಕ್ಷೆಯಲ್ಲಿ ಆ 16 ಜನರ ಸರಾಸರಿ 58, ಸ್ಟ್ಯಾಂಡರ್ಡ್ ಡಿವಿಯೇಷನ್ 8, ರೋಗಿಯದು 38. ನೇರ ಝಡ್ ತೆಗೆದರೆ –2.5. ಆದರೆ 16 ಜನರ ಸರಾಸರಿಯೂ ಅಂದಾಜೇ ತಾನೆ? ಕ್ರಾಫರ್ಡ್ ಮತ್ತು ಹೊವೆಲ್ 1998ರಲ್ಲಿ ಕೊಟ್ಟ ಸೂತ್ರದಲ್ಲಿ ಡಿವಿಯೇಷನ್ನನ್ನು 17÷16ರ ವರ್ಗಮೂಲದಿಂದ ಗುಣಿಸಬೇಕು: –20 ÷ 8.246 = –2.43, ಸ್ವಾತಂತ್ರ್ಯದ ಮಟ್ಟ 15. ಶೇ. 5ರ ಎರಡು ಬಾಲದ ಮಿತಿ 2.13 ಆಗಿರುವುದರಿಂದ ವ್ಯತ್ಯಾಸ ನಿಜವೆನ್ನಬಹುದು. ಹೋಲಿಕೆಯವರು ವಯಸ್ಸು, ಓದು, ಕಣ್ಣಿನ ದೃಷ್ಟಿಯಲ್ಲಿ ರೋಗಿಗೆ ಹತ್ತಿರ ಇರಲೇಬೇಕು. 60 ದಾಟಿದ ರೈತರ ಎದುರು 20 ವರ್ಷದ ಕಾಲೇಜು ಹುಡುಗರನ್ನು ನಿಲ್ಲಿಸಿದರೆ ಸೂತ್ರ ಎಷ್ಟು ಸರಿಯಿದ್ದರೂ ಉತ್ತರ ತಪ್ಪು.

ಆಟಿಸಂ ಇರುವವರ ಮೆದುಳು ಮುಖಕ್ಕೆ ಬೇರೆ ರೀತಿ ಸ್ಪಂದಿಸುತ್ತದಂತೆ. ನನ್ನ ಮಗುವಿಗೆ ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದೆಯೇ?

ಇಲ್ಲ. ದಯವಿಟ್ಟು ಇದಕ್ಕಾಗಿ ಹಣ ಖರ್ಚು ಮಾಡಬೇಡಿ.

ಗುಂಪುಗಳನ್ನು ಹೋಲಿಸಿದಾಗ ಆಟಿಸಂ ಇರುವವರಲ್ಲಿ ಎನ್170 (ಮುಖ ಕಂಡಾಗ ಇಇಜಿಯಲ್ಲಿ ಏಳುವ ಒಂದು ಅಲೆ) ಸರಾಸರಿ ತುಸು ತಡವಾಗಿ ಬರುವುದು ನಿಜ. ಆದರೆ ಎರಡು ಗುಂಪುಗಳ ಸರಾಸರಿಯ ನಡುವೆ 0.6 ಸ್ಟ್ಯಾಂಡರ್ಡ್ ಡಿವಿಯೇಷನ್ ಅಂತರ ಇದೆ ಎಂದುಕೊಂಡರೂ, ಸರಿಯಾಗಿ ನಡುವೆ ಗೆರೆ ಎಳೆದು ಮಕ್ಕಳನ್ನು ವಿಂಗಡಿಸಿದರೆ 100ರಲ್ಲಿ 62 ಮಕ್ಕಳ ವಿಷಯದಲ್ಲಿ ಸರಿ, 38 ಮಕ್ಕಳ ವಿಷಯದಲ್ಲಿ ತಪ್ಪು. ಕಣ್ಣುಮುಚ್ಚಿ ನಾಣ್ಯ ಚಿಮ್ಮಿದರೂ 50 ಸರಿಯಾಗುತ್ತದೆ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎನ್170 ಅಳತೆಯನ್ನು ತನ್ನ ಬಯೋಮಾರ್ಕರ್ (ದೇಹದಿಂದ ಅಳೆಯಬಹುದಾದ ಸೂಚಕ) ಅರ್ಹತಾ ಕಾರ್ಯಕ್ರಮಕ್ಕೆ ಸೇರಿಸಿಕೊಂಡಿತು. ಅಲ್ಲೂ ಉದ್ದೇಶ ಚಿಕಿತ್ಸೆಗಳ ಪ್ರಯೋಗದಲ್ಲಿ ಭಾಗವಹಿಸುವವರನ್ನು ಉಪಗುಂಪು ಮಾಡುವುದು, ಮಗುವಿಗೆ ರೋಗನಿರ್ಣಯ ಕೊಡುವುದಲ್ಲ.

ಆಟಿಸಂ ಗುರುತಿಸುವುದು ಮಗುವಿನ ಬೆಳವಣಿಗೆಯ ಚರಿತ್ರೆ ಕೇಳಿ, ವರ್ತನೆ ನೋಡಿ. ಭಾರತದಲ್ಲಿ ಬಳಸುವ ಐಎಸ್‌ಎಎ ಮಾಪಕದಲ್ಲಿ 40 ಅಂಶಗಳಿವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿಯ ಜಿಲ್ಲಾ ಕೇಂದ್ರವನ್ನೋ, ಮಕ್ಕಳ ತಜ್ಞರನ್ನೋ ಮೊದಲು ಕಾಣಿ. ಅಲ್ಲಿಂದ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳುಹಿಸುತ್ತಾರೆ. ವೈದ್ಯರು ಫಿಟ್ಸ್ ಅನುಮಾನದಿಂದ ಇಇಜಿ ಬರೆದುಕೊಟ್ಟರೆ ಅದು ಬೇರೆ ಮಾತು, ಅದನ್ನು ಮಾಡಿಸಿ.

ನಮ್ಮ ಕಡೆಯ ಜನರ ಮೇಲೆ ಪ್ರಯೋಗ ಮಾಡುವಾಗ ವಿಶೇಷವಾಗಿ ಏನು ನೋಡಿಕೊಳ್ಳಬೇಕು?

ಮೊದಲು ತಲೆಗೂದಲು. ತಿಪಟೂರಿನ ಸೀಮೆಯಲ್ಲಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚದವರು ಅಪರೂಪ. ಎಣ್ಣೆಯ ಪದರ ಇದ್ದರೆ ಎಲೆಕ್ಟ್ರೋಡಿನ ತಡೆ 10 ಕಿಲೋಓಮ್ ಕೆಳಗೆ ಇಳಿಯುವುದೇ ಇಲ್ಲ, ಎನ್170 ಸಿಗಬೇಕಾದ ಪಿ8, ಪಿಒ8 ಎಂಬ ತಲೆಯ ಹಿಂಬದಿ ಬಲಕ್ಕಿರುವ ಎಲೆಕ್ಟ್ರೋಡ್ ಜಾಗಗಳು ಸರಿಯಾಗಿ ಜಡೆ ಶುರುವಾಗುವ ಆಸುಪಾಸಿನಲ್ಲೇ ಬರುತ್ತವೆ. ಹಿಂದಿನ ದಿನವೇ ತಿಳಿಸಿ: ರಾತ್ರಿ ತಲೆಸ್ನಾನ ಮಾಡಲಿ, ಎಣ್ಣೆ ಬೇಡ, ಹೂ ಮುಡಿಯುವುದು ಬೇಡ, ಒಂದೇ ಜಡೆಯ ಬದಲು ಎರಡು ಸಡಿಲ ಜಡೆ ಹಾಕಿ ಮುಂದಕ್ಕೆ ಬಿಟ್ಟುಕೊಳ್ಳಲಿ. ಎಣ್ಣೆಗೂದಲಿನವರೆಲ್ಲ ಒಂದೇ ಗುಂಪಿನಲ್ಲಿ ಬಿದ್ದರೆ, ಉದಾಹರಣೆಗೆ ಹಳ್ಳಿಯವರನ್ನೂ ಪೇಟೆಯವರನ್ನೂ ಹೋಲಿಸುವಾಗ, ಮೆದುಳಿನ ವ್ಯತ್ಯಾಸ ಎಂದು ನೀವು ಬರೆಯುವುದು ಎಣ್ಣೆಯ ವ್ಯತ್ಯಾಸವಾಗಿರಬಹುದು.

ಎಂಆರ್‌ಐ ಕೋಣೆಗೆ ತಾಳಿ, ಮೂಗುಬೊಟ್ಟು, ಕಾಲುಂಗುರ, ಜರಿ ಸೀರೆ, ಕಾಡಿಗೆ ಒಯ್ಯಬಾರದು. ಬಾಗಿಲಲ್ಲಿ ನಿಲ್ಲಿಸಿ ತಾಳಿ ತೆಗೆಯಿರಿ ಎಂದರೆ ಅನೇಕರಿಗೆ ಮನಸ್ಸು ನೋಯುತ್ತದೆ. ಒಪ್ಪಿಗೆ ಪತ್ರ ಓದಿಸುವಾಗಲೇ ಕಾರಣ ಸಮೇತ ಹೇಳಿ, ತಾಳಿ ಸರವನ್ನು ಅರಿಶಿನದ ದಾರಕ್ಕೆ ಬದಲಿಸಿಕೊಂಡು ಬರುವಷ್ಟು ಸಮಯ ಕೊಡಿ. ನೊಂದು ಒಳಗೆ ಹೋದವರ ತಲೆಯೂ ಹೆಚ್ಚು ಅಲುಗುತ್ತದೆ.

ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಮನೆಮಾತು ತೆಲುಗೋ ಉರ್ದುವೋ ಆಗಿರುವವರು ಬಹಳ. ಗುಂಡಿ ಯಾವಾಗ ಒತ್ತಬೇಕು ಎಂಬುದನ್ನು ಅವರ ಮನೆಮಾತಿನಲ್ಲೇ ಹೇಳಿ, ಯಂತ್ರದ ಹೊರಗೆ ಒಂದು ಸುತ್ತು ಅಭ್ಯಾಸ ಮಾಡಿಸಿ. ಎಷ್ಟು ವರ್ಷ ಓದಿದ್ದಾರೆ ಎಂದೂ ಬರೆದುಕೊಳ್ಳಿ. ಅಕ್ಷರ ಕಲಿತವರ ಎಡ ಫ್ಯೂಸಿಫಾರ್ಮ್‌ನಲ್ಲಿ ಓದಿಗೆ ಒಂದು ಜಾಗ ಏರ್ಪಟ್ಟು, ಅಲ್ಲಿ ಮುಖದ ಸ್ಪಂದನ ಸ್ವಲ್ಪ ತಗ್ಗುತ್ತದೆ ಎಂದು 2010ರಲ್ಲಿ ಸ್ಟಾನಿಸ್ಲಾಸ್ ಡೆಹೇನ್ ತಂಡ ತೋರಿಸಿದೆ.

ಮುಖದ ಚಿತ್ರಗಳು ಇಲ್ಲಿಯವರದ್ದೇ ಇರಲಿ. ಕಂಡು ರೂಢಿ ಇಲ್ಲದ ಜನಾಂಗದ ಮುಖಗಳನ್ನು ನೆನಪಿಡುವುದು ಯಾರಿಗೂ ಕಷ್ಟ. ಪರಿಚಿತ ಮುಖ ಬೇಕಾದರೆ ಇನ್ನೂ ಎಚ್ಚರ. ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಜನ ಗುರುತಿಸುವುದು ಪೇಟದಿಂದ. ಚಿತ್ರವನ್ನು ಹಣೆಯಿಂದ ಗದ್ದದವರೆಗೆ ಅಂಡಾಕಾರದಲ್ಲಿ ಕತ್ತರಿಸದಿದ್ದರೆ ನೀವು ಅಳೆಯುತ್ತಿರುವುದು ಪೇಟದ ಗುರುತು. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಮುಖ ತುಮಕೂರಿನಲ್ಲಿ ಎಲ್ಲರಿಗೂ ಗೊತ್ತು, ಆದರೆ ಮಠದಲ್ಲಿ ಉಂಡು ಓದಿದವರಿಗೆ ಅದು ಬರೀ ಪರಿಚಿತ ಮುಖ ಅಲ್ಲ. ಆದ್ದರಿಂದ ಪರಿಚಿತ ಮುಖಗಳ ಪಟ್ಟಿಯನ್ನು ಗುಂಪಿಗೆಲ್ಲ ಒಂದೇ ಎಂದು ಊಹಿಸದೆ, ಪ್ರಯೋಗ ಮುಗಿದ ಮೇಲೆ ಒಬ್ಬೊಬ್ಬರನ್ನೂ “ಇವರು ಯಾರು ಗೊತ್ತೇ, ಎಷ್ಟು ಹತ್ತಿರ?” ಎಂದು ಕೇಳಿ, ಉತ್ತರದ ಪ್ರಕಾರ ಅವರವರ ಪ್ರಯತ್ನಗಳನ್ನು ವಿಂಗಡಿಸಿ. ಇಲ್ಲಿ ವ್ಯಕ್ತಿಗತ ವಿಶ್ಲೇಷಣೆ ಅನಿವಾರ್ಯ.

ಕರೆಂಟು ಹೋಗಿ ಯುಪಿಎಸ್ ಮೇಲೆ ಓಡಿದ ರನ್‌ಗಳನ್ನು ಗುರುತು ಹಾಕಿ ಇಡಿ. 50 ಹರ್ಟ್ಸ್ ಗದ್ದಲ ಮತ್ತು ಅದರ ಗುಣಕಗಳು ಆಗ ಬೇರೆಯೇ ಇರುತ್ತವೆ.

ನಮ್ಮಲ್ಲಿ ಸ್ಕ್ಯಾನರೂ ಇಲ್ಲ, ಇಇಜಿಯೂ ಇಲ್ಲ. ಕಲಿಯುವುದು ಹೇಗೆ?

8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪಿನಲ್ಲಿ ಇಇಜಿಯಿಂದ ಶುರುಮಾಡಬಹುದು. 2021ರಲ್ಲಿ ಪ್ರಕಟವಾದ ಇಆರ್‌ಪಿ ಕೋರ್ ಸಂಗ್ರಹದಲ್ಲಿ 40 ಜನರ ಎನ್170 ದತ್ತಾಂಶ ಉಚಿತ. ಮುಖ, ಕಾರು, ಎರಡರದ್ದೂ ಕಲಸಿದ ಚಿತ್ರಗಳು ಅದರಲ್ಲಿವೆ. ಓಪನ್‌ನ್ಯೂರೋ ತಾಣದಲ್ಲಿ ಡಿಎಸ್000117 ಎಂಬ ಸಂಖ್ಯೆಯಡಿ ವೇಕ್‌ಮನ್ ಮತ್ತು ಹೆನ್ಸನ್ ಅವರ ಸಂಗ್ರಹ ಇದೆ. ಪ್ರಸಿದ್ಧ, ಅಪರಿಚಿತ, ಕಲಸಿದ ಮುಖಗಳಿಗೆ 16 ಜನರ ಎಫ್‌ಎಂಆರ್‌ಐ, ಎಂಇಜಿ (ಮೆದುಳಿನ ಕಾಂತಕ್ಷೇತ್ರದ ದಾಖಲೆ), ಇಇಜಿ ಮೂರೂ ಸಿಗುತ್ತವೆ. ಇದು ಬಹಳ ಭಾರ, ಮೊದಲು ಇಬ್ಬರದ್ದನ್ನು ಮಾತ್ರ ಇಳಿಸಿಕೊಳ್ಳಿ. ವಿಶ್ಲೇಷಣೆಯ ತಂತ್ರಾಂಶಗಳಾದ ಎಸ್‌ಪಿಎಂ, ಎಫ್‌ಎಸ್‌ಎಲ್, ಎಂಎನ್‌ಇ-ಪೈಥಾನ್ ಯಾವುದಕ್ಕೂ ಕಲಿಯುವವರಿಗೆ ಶುಲ್ಕ ಇಲ್ಲ. ಎಸ್‌ಪಿಎಂ ಮಾಮೂಲಿಯಾಗಿ ನಡೆಯಲು ಮ್ಯಾಟ್‌ಲ್ಯಾಬ್ ಬೇಕು, ಕಾಲೇಜಿನ ಪರವಾನಗಿ ಇದೆಯೇ ವಿಚಾರಿಸಿ.

ಮೊದಲ ಅಭ್ಯಾಸ: 40 ಜನರ ಸರಾಸರಿ ಅಲೆಯನ್ನು ನೋಡುವ ಮುಂಚೆ 40 ಅಲೆಗಳನ್ನೂ ಒಂದೊಂದಾಗಿ ಕಾಗದದ ಮೇಲೆ ಮುದ್ರಿಸಿ, ಪ್ರತಿಯೊಂದರಲ್ಲೂ ಶಿಖರ ಎಲ್ಲಿದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಎಷ್ಟು ಅಲೆಗಳಲ್ಲಿ ಗುರುತು ಹಾಕಲು ಕೈ ತಡೆಯಿತು ಎಂದು ಎಣಿಸಿಡಿ.

ವರದಿಯಲ್ಲಿ ಏನೇನು ಇರಲೇಬೇಕು?

ಪ್ರತಿಯೊಬ್ಬರ ಬೆಲೆಯೂ ಒಂದೊಂದು ಚುಕ್ಕಿಯಾಗಿ ಕಾಣುವ ಚಿತ್ರ. ಬರೀ ಕಂಬದ ಚಿತ್ರ ಸಾಲದು. ಎಷ್ಟು ಜನರಲ್ಲಿ ಜಾಗ ಸಿಕ್ಕಿತು, ಎಷ್ಟು ಜನರಲ್ಲಿ ಇಲ್ಲ. ಹೋಲಿಕೆ ಯಾವುದರ ಎದುರು. ಮಸುಕು ಎಷ್ಟು ಮಿ.ಮೀ. ಜಾಗ ಆರಿಸಿದ್ದು ಯಾವ ರನ್ನಿನಲ್ಲಿ, ಅಳೆದದ್ದು ಯಾವ ರನ್ನಿನಲ್ಲಿ. ಇಇಜಿ ಆದರೆ ರೆಫರೆನ್ಸ್, ಕಿಟಕಿಯ ಆರಂಭ-ಕೊನೆ, ಒಬ್ಬೊಬ್ಬರಲ್ಲಿ ಉಳಿದ ಪ್ರಯತ್ನಗಳ ಸಂಖ್ಯೆ. ಬಿಟ್ಟವರಿದ್ದರೆ ಎಷ್ಟು ಜನ, ಯಾವ ಕಾರಣಕ್ಕೆ, ಆ ನಿಯಮವನ್ನು ದತ್ತಾಂಶ ನೋಡುವ ಮುಂಚೆ ಬರೆದಿಟ್ಟಿದ್ದೋ ಆಮೇಲೆ ಮಾಡಿದ್ದೋ ಎಂಬುದೂ ಇರಲಿ.